ಎಡದಂಡೆಯ ಕಥೆ: ತುಂಗಭದ್ರಾ ಜಲಾಶಯ ಮತ್ತು ನಮ್ಮ ಸೀಮೆ

ತುಂಗಭದ್ರಾ ಜಲಾಶಯ ಭರ್ತಿಯಾದಾಗ ನೀರು ನಿಲ್ಲುವುದು ಸಮುದ್ರಮಟ್ಟದಿಂದ 1,633 ಅಡಿಗೆ. ಹನುಮಸಾಗರ, ಕುಷ್ಟಗಿ, ಯಲಬುರ್ಗಾ ಭಾಗದ ಹೊಲಗಳು ಅದಕ್ಕಿಂತ ನೂರಾರು ಅಡಿ ಮೇಲಿವೆ. ಕಾಲುವೆ ನೀರು ಇಳಿಜಾರು ಹಿಡಿದು ಹರಿಯುತ್ತದೆ, ಏರು ಹತ್ತುವುದಿಲ್ಲ. ಕೊಪ್ಪಳ ಜಿಲ್ಲೆಯ ಒಂದು ಭಾಗ ಭತ್ತದ ಕಣಜವಾಗಿ, ಇನ್ನೊಂದು ಭಾಗ ಮಳೆರಾಯನ ದಾರಿ ಕಾಯುತ್ತ ಉಳಿದಿದ್ದಕ್ಕೆ ಮೊದಲ ಕಾರಣ ಇದೇ. 1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಒಂದು ಮನೆಗೆ ಸೇರಿದವು. ಆದರೆ ಆ ಹೊತ್ತಿಗಾಗಲೇ ಕಾಲುವೆ ಆ ಮನೆಯ ನಡುವೆ ಗೆರೆ ಎಳೆದು ನಾಲ್ಕು ದಶಕ ಕಳೆದಿತ್ತು.

ಗೆರೆಯ ಆಚೆ ಉಳಿದ ನಮ್ಮೂರು ಹನುಮಸಾಗರದಿಂದ ಈ ಜಲಾಶಯದ ಚರಿತ್ರೆ ಬರೆಯುವುದಕ್ಕೆ ಒಂದು ಉದ್ದೇಶವಿದೆ. ಡ್ಯಾಂ ಬಗ್ಗೆ ಬಂದ ಬರಹಗಳಲ್ಲಿ ಕಟ್ಟಿದವರ ಸಾಹಸ ಇರುತ್ತದೆ, ಗೇಟುಗಳ ಲೆಕ್ಕ ಇರುತ್ತದೆ, ಹಸಿರಾದ ಎಕರೆಗಳ ಲೆಕ್ಕ ಇರುತ್ತದೆ. ನೀರು ಯಾರ ಹೊಲಕ್ಕೆ ಹೋಯಿತು, ಯಾರ ಹೊಲಕ್ಕೆ ಹೋಗಲಿಲ್ಲ, ಕಟ್ಟಿದ ಮೇಲೆ ಅದನ್ನು ಕಾಪಾಡಿದವರು ಯಾರು ಎಂಬ ಪ್ರಶ್ನೆಗಳು ಕೊನೆಯ ಪುಟಕ್ಕೆ ಸರಿಯುತ್ತವೆ. ಕಟ್ಟುವಾಗ ತೋರಿದ ಶ್ರದ್ಧೆಯನ್ನು ಹಂಚುವಾಗಲೂ ಕಾಪಾಡುವಾಗಲೂ ನಾವು ತೋರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ತುಂಗಭದ್ರೆಗೆ ಕಟ್ಟೆ ಹಾಕಿದವರಲ್ಲಿ ನಾವು ಮೊದಲಿಗರಲ್ಲ. ವಿಜಯನಗರದ ಅರಸರ ಕಾಲದಲ್ಲೇ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಕಟ್ಟಿ ಎರಡೂ ದಂಡೆಗೆ ಕಾಲುವೆ ತೆಗೆದಿದ್ದರು. ಬಲದಂಡೆಯ ರಾಯ, ಬಸವಣ್ಣ ಕಾಲುವೆಗಳು, ನಮ್ಮ ಕಡೆಯ ಹುಲಗಿ, ಶಿವಪುರ, ಆನೆಗೊಂದಿ ಮತ್ತು ಗಂಗಾವತಿಯ ಮೇಲ್ಗಾಲುವೆ, ಕೆಳಗಾಲುವೆಗಳು ಇಂದಿಗೂ ಹರಿಯುತ್ತಿವೆ. ಈ ಕಾಲುವೆಗಳ ಕೆಳಗೆ ಗದ್ದೆ ಮಾಡುವ ರೈತ ಐದುನೂರು ವರ್ಷದ ಹಿಂದೆ ಯಾರೋ ತೆಗೆದ ಕಾಲುವೆಯಿಂದ ಇವತ್ತು ತನ್ನ ಪಾಲು ನೀರು ಪಡೆಯುತ್ತಾನೆ. ಹೊಸ ಅಣೆಕಟ್ಟು ಬಂದಾಗ ಕೊರಗಲ್ಲು, ವಲ್ಲಭಾಪುರದ ಹಳೆಯ ಒಡ್ಡುಗಳು ಅದರ ಹಿನ್ನೀರಿನಲ್ಲಿ ಮುಳುಗಿದವು. ರಾಯ, ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡುವ ವ್ಯವಸ್ಥೆಯಾಯಿತು.

ದೊಡ್ಡ ಜಲಾಶಯದ ಯೋಚನೆ ಹುಟ್ಟಿದ್ದು 1860ರ ಸುಮಾರಿಗೆ, ಸರ್ ಆರ್ಥರ್ ಕಾಟನ್ ಅವರ ಪ್ರಸ್ತಾವದಲ್ಲಿ. 1876ರಿಂದ 78ರವರೆಗಿನ ಭೀಕರ ಬರ ಬಳ್ಳಾರಿ, ರಾಯಚೂರು ಸೀಮೆಯನ್ನು ಹೇಗೆ ಬರಿದು ಮಾಡಿತು ಎಂಬುದನ್ನು ನಮ್ಮ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದರು. ಇಷ್ಟಾದರೂ ಯೋಜನೆ ಕಾಗದದಿಂದ ಕೆಳಗಿಳಿಯಲಿಲ್ಲ. ಹೊಳೆಯ ಬಲಕ್ಕೆ ಬ್ರಿಟಿಷರ ಮದ್ರಾಸ್ ಪ್ರಾಂತ, ಎಡಕ್ಕೆ ನಿಜಾಮರ ಹೈದರಾಬಾದ್ ಸಂಸ್ಥಾನ. ನೀರಿನ ಪಾಲಿನ ಬಗ್ಗೆ ಇಬ್ಬರ ನಡುವಿನ ಮಾತುಕತೆ ದಶಕಗಟ್ಟಲೆ ಎಳೆಯಿತು. 1944ರಲ್ಲಿ ಒಪ್ಪಂದ ಕೂಡಿಬಂತು. 1945ರ ಫೆಬ್ರುವರಿ 28ರಂದು ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಸರ್ ಆರ್ಥರ್ ಹೋಪ್, ಎಡದಂಡೆಯಲ್ಲಿ ನಿಜಾಮರ ಹಿರಿಯ ಮಗ, ಬೇರಾರಿನ ರಾಜಕುಮಾರ, ಶಂಕುಸ್ಥಾಪನೆ ಮಾಡಿದರು. ಒಂದೇ ಅಣೆಕಟ್ಟಿಗೆ ಎರಡು ಅಡಿಗಲ್ಲು, ಎರಡು ಸರ್ಕಾರ, ಎರಡು ಎಂಜಿನಿಯರ್ ಪಡೆ.

ಮದ್ರಾಸ್ ಕಡೆಯ ಕೆಲಸದ ಮುಂದಾಳು ಎಂಜಿನಿಯರ್ ತಿರುಮಲೆ ಅಯ್ಯಂಗಾರ್. ಕೃಷ್ಣರಾಜಸಾಗರದಂತೆ ಇಲ್ಲಿಯೂ ಕಲ್ಲಿನ ಕಟ್ಟಡಕ್ಕೆ ಬಳಸಿದ್ದು ಸುರ್ಕಿ ಗಾರೆ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣವನ್ನು ಅರೆದು ಮಾಡಿದ ಗಾರೆ. ತಳಪಾಯದಿಂದ ಸುಮಾರು 162 ಅಡಿ ಎತ್ತರ, ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ಯಂತ್ರಗಳು ಕಡಿಮೆಯಿದ್ದ ಆ ಕಾಲದಲ್ಲಿ ಇದರ ಬಹುಪಾಲು ಏರಿದ್ದು ಕಲ್ಲು ಒಡೆದವರ, ಗಾರೆ ಹೊತ್ತವರ ತಲೆ, ತೋಳಿನ ಬಲದಿಂದ. ಆ ಗಂಡಾಳು ಹೆಣ್ಣಾಳುಗಳ ಹೆಸರು ಯಾವ ಫಲಕದ ಮೇಲೂ ಇಲ್ಲ.

ಅರ್ಧ ಕೆಲಸ ಆಗುವಷ್ಟರಲ್ಲಿ ದೇಶದ ನಕಾಶೆಯೇ ಬದಲಾಯಿತು. 1947ರಲ್ಲಿ ಬಲದಂಡೆ ಸ್ವತಂತ್ರ ಭಾರತಕ್ಕೆ ಸೇರಿತು, ಎಡದಂಡೆ ನಿಜಾಮರ ಕೈಯಲ್ಲೇ ಉಳಿಯಿತು. ಮುಂದಿನ ಹದಿಮೂರು ತಿಂಗಳು ಈ ಸೀಮೆ ರಜಾಕಾರರ ಹಾವಳಿಯಲ್ಲಿ ನರಳಿತು. ನಮ್ಮ ಹನುಮಸಾಗರದ ನೆರೆಯ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಅವರ, ಅತ್ತ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳ್ತನದಲ್ಲಿ ಅದನ್ನು ಎದುರಿಸುವ ಗಡಿ ಶಿಬಿರಗಳು ನಡೆದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಅಂದು ಕುಷ್ಟಗಿ ಒಂದು ಲೋಕಸಭಾ ಕ್ಷೇತ್ರದ ಹೆಸರಾಗಿತ್ತು ಎಂಬುದು ಇಂದಿನ ಯುವಕರಿಗೆ ಅಚ್ಚರಿಯಾದೀತು.

1953ರ ಜುಲೈ 1ರಂದು ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ಯಾರಿಗೆ ಎಂಬ ಜಗ್ಗಾಟ ಅಷ್ಟು ಬಿಗಿಯಾಗಿದ್ದುದಕ್ಕೆ ಈ ಜಲಾಶಯವೂ ಒಂದು ಕಾರಣ. ಆಮೇಲೆ ಮೂರು ವರ್ಷ ಅಣೆಕಟ್ಟಿನ ಒಂದು ತುದಿ ಮೈಸೂರು ರಾಜ್ಯದಲ್ಲಿ, ಇನ್ನೊಂದು ತುದಿ ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಕೊಪ್ಪಳವೂ ಕನ್ನಡನಾಡಿನ ತೆಕ್ಕೆಗೆ ಬಂದಾಗ ಎರಡು ತುದಿಗಳೂ ಒಂದೇ ರಾಜ್ಯದವಾದವು. ಇಷ್ಟಾದರೂ ನೀರಿನಲ್ಲಿ ಆಂಧ್ರದ ಪಾಲಿತ್ತು. ಅದಕ್ಕಾಗಿ 1953ರಲ್ಲೇ ತುಂಗಭದ್ರಾ ಮಂಡಳಿ ರಚನೆಯಾಗಿತ್ತು. ಇಂದಿಗೂ ಅಣೆಕಟ್ಟು ಮತ್ತು ಬಲದಂಡೆಯ ಎರಡೂ ರಾಜ್ಯಗಳ ಕಾಲುವೆಗಳ ಉಸ್ತುವಾರಿ ಮಂಡಳಿಯದು, ಎಡದಂಡೆ ಕಾಲುವೆ ಮುನಿರಾಬಾದಿನ ನೀರಾವರಿ ಕಚೇರಿಯದು. ಕೃಷ್ಣಾ ನ್ಯಾಯಾಧಿಕರಣದ ಬಚಾವತ್ ತೀರ್ಪು 1970ರ ದಶಕದಲ್ಲಿ ಪಾಲುಗಳನ್ನು ಗೊತ್ತು ಮಾಡಿತು. ವರ್ಷಕ್ಕೆ 230 ಟಿಎಂಸಿ ಅಡಿ ಬಳಕೆ ಎಂದು ಅಂದಾಜಿಸಿ, ಆವಿಯಾಗಿ ಹೋಗುವುದನ್ನೂ ಸೇರಿಸಿ ಲೆಕ್ಕ ಹಾಕಿದ ತೀರ್ಪು ಅದು. ಎಡದಂಡೆ ಮುಖ್ಯ ಕಾಲುವೆಗೆ ಅದರಲ್ಲಿ 92 ಟಿಎಂಸಿ.

ಮುಳುಗಿದವರ ವಿಷಯ ಹೇಳದೆ ಮುಂದೆ ಹೋಗುವುದು ತರವಲ್ಲ. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುವ ನೀರಿನಡಿಯಲ್ಲಿ ಎರಡೂ ದಂಡೆಯ ಹಳ್ಳಿಗಳು, ಹೊಳೆಸಾಲಿನ ಫಲವತ್ತಾದ ಹೊಲಗಳು ಹೋದವು. ಬಲದಂಡೆಯ ನಾರಾಯಣದೇವರಕೆರೆ ಎಂಬ ತುಂಬಿದ ಊರು ಮುಳುಗಿ, ಅಲ್ಲಿನವರು ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡುಕೊಂಡರು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಮೇಲೆದ್ದ ನೆಲದಲ್ಲಿ ದಂಡೆಯ ರೈತರು ಇವತ್ತಿಗೂ ಬೀಜ ಹಾಕುತ್ತಾರೆ. ಈ ಜಲಾಶಯದ ಚರಿತ್ರೆ ಎಂದ ಮೇಲೆ ಆ ಊರುಗಳ ಸ್ಮರಣೆಯೇ ಅದರಲ್ಲಿ ಮೊದಲು ಬರಬೇಕು.

ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಮುನಿರಾಬಾದಿನಿಂದ ಹೊರಟು, ಸಣಾಪುರದ ಸಮತೋಲನ ಕೆರೆ ದಾಟಿ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಹಾದು ರಾಯಚೂರಿನತ್ತ ಸಾಗುತ್ತದೆ. ಆರು ಲಕ್ಷ ಎಕರೆಯಷ್ಟು ನೆಲಕ್ಕೆ ನೀರುಣಿಸಬೇಕಾದ ಕಾಲುವೆಯಿದು. ಇದನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಭತ್ತವಲ್ಲ, ಬರ. ಸ್ವಲ್ಪ ನೀರನ್ನು ಬಹಳ ನೆಲಕ್ಕೆ ಹಂಚಬೇಕು, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳು ಮಳೆ ಕೈಕೊಟ್ಟರೂ ಉಳಿಯಬೇಕು, ಯಾರೂ ಹಸಿಯಬಾರದು. ಇದಕ್ಕಾಗಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಸರ್ಕಾರವೇ ಗೊತ್ತುಪಡಿಸಿತ್ತು. ಭತ್ತಕ್ಕೆ ಅವಕಾಶವಿದ್ದುದು ಸಣ್ಣ ಭಾಗದಲ್ಲಿ ಮಾತ್ರ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಉದಾತ್ತವಾದದ್ದು ಈ ಲೆಕ್ಕಾಚಾರವೇ, ಗೋಡೆಯಲ್ಲ.

ಆದರೆ ಅದು ಕಾಗದದಲ್ಲೇ ಉಳಿಯಿತು. ಕಾಲುವೆ ಬಂದಾಗ ಇಲ್ಲಿನ ಒಣಬೇಸಾಯದ ರೈತರ ಹತ್ತಿರ ನೆಲ ಮಟ್ಟ ಮಾಡಿಸುವ, ಬದು ಕಟ್ಟಿಸುವ, ಗೊಬ್ಬರ ಕೊಳ್ಳುವ ದುಡ್ಡಿರಲಿಲ್ಲ, ನೀರಾವರಿಯ ಅನುಭವವೂ ಇರಲಿಲ್ಲ. ಕೃಷ್ಣಾ, ಗೋದಾವರಿ ಮುಖಜಭೂಮಿಯಿಂದ ಬಂದ ಆಂಧ್ರದ ರೈತರಿಗೆ ಅವೆರಡೂ ಇದ್ದವು. ಅವರು ಇಲ್ಲಿ ಅಗ್ಗಕ್ಕೆ ಸಿಕ್ಕ ಹೊಲ ಕೊಂಡು, ಹೊಲದ ನಡುವೆ ಕ್ಯಾಂಪ್ ಕಟ್ಟಿ, ಕೆಸರುಗದ್ದೆ ಮಾಡಿದರು. ಗಂಗಾವತಿ ಹತ್ತಿರದ ಶ್ರೀರಾಮನಗರದಂಥ ಊರುಗಳು ಹೀಗೆ ಬೆಳೆದವು. ಅವರ ದುಡಿಮೆಯನ್ನು ಅಲ್ಲಗಳೆಯುವಂತಿಲ್ಲ. ಅವರನ್ನು ನೋಡಿ ಸ್ಥಳೀಯರೂ ಭತ್ತಕ್ಕೆ ಇಳಿದರು. ಗಂಗಾವತಿ, ಕಾರಟಗಿಯಲ್ಲಿ ರೈಸ್‌ಮಿಲ್ಲುಗಳು ಎದ್ದವು, ಇಲ್ಲಿನ ಸೋನಾ ಮಸೂರಿ ಅಕ್ಕಿ ನಾಡಿನೆಲ್ಲೆಡೆ ಹೆಸರು ಮಾಡಿತು. ಕಾಲುವೆಯ ಮೇಲ್ಭಾಗ ಹೀಗೆ ಎರಡು ಬೆಳೆ ಭತ್ತ ತೆಗೆಯುವಾಗ ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ರೈತರು ಒಣಗಿದ ಉಪಕಾಲುವೆ ನೋಡುತ್ತ ಕೂತರು. ಅತಿಯಾಗಿ ನೀರು ನಿಂತ ನೆಲ ಸವುಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ಮೇಲೆಯೇ ಸಂಶೋಧನೆ ನಡೆಸಬೇಕಾಗಿ ಬಂತೆಂದರೆ ಸಮಸ್ಯೆ ಎಷ್ಟು ದೊಡ್ಡದೆಂದು ತಿಳಿಯಬಹುದು.

ಕಾಲುವೆಯ ಮೇಲೆ 47, 69, 104ನೇ ಮೈಲಿಯಲ್ಲಿ ನೀರಿನ ಮಟ್ಟ ಅಳೆಯುವ ಗೇಜುಗಳಿವೆ. ದೂರದವರಿಗೆ ಅವು ಬರೀ ಅಂಕಿಗಳು. ಸಿಂಧನೂರು, ಮಾನ್ವಿ, ರಾಯಚೂರಿನ ರೈತ ಬೆಳಿಗ್ಗೆ ಎದ್ದ ಕೂಡಲೆ ಕೇಳುವುದು 69ರಲ್ಲಿ ಎಷ್ಟಿದೆ, 104ರಲ್ಲಿ ಎಷ್ಟಿದೆ ಎಂದು. ಗೇಜು ಇಳಿಯಿತೆಂದರೆ ರಸ್ತೆ ತಡೆ, ಕಚೇರಿ ಮುತ್ತಿಗೆ. ಗೇಜು ಇಳಿಯುವುದು ಹೇಗೆ ಎಂಬುದನ್ನು ಯಾವುದಾದರೊಂದು ವಿತರಣಾ ಕಾಲುವೆಯ ಪಕ್ಕ ರಾತ್ರಿ ಹೋಗಿ ನೋಡಬೇಕು. ತೂಬಿನ ಬಾಯಿಗೆ ಮರಳು ತುಂಬಿದ ಗೋಣಿಚೀಲ, ಹುಲ್ಲಿನ ಕಟ್ಟು, ಕಲ್ಲು. ಕೆಳಗಿನವನು ಟಾರ್ಚ್ ಹಿಡಿದು ಬಂದು ಅವನ್ನು ಎತ್ತಿ ಹಾಕುತ್ತಾನೆ. ಅವನು ಅತ್ತ ಹೋದ ಮೇಲೆ ಮೇಲಿನವನು ಮತ್ತೆ ತುರುಕುತ್ತಾನೆ. ನಡುವೆ ನಿಂತವನು ಗ್ಯಾಂಗ್‌ಮನ್. ಗೇಟಿನ ಚಕ್ರ ತಿರುಗಿಸುವ ಕೀಲಿ ಅವನ ಕೈಯಲ್ಲಿದೆ, ಬೈಗುಳವೂ ಅವನಿಗೇ. ಈ ಗ್ಯಾಂಗ್‌ಮನ್‌ಗಳಲ್ಲಿ ಬಹಳಷ್ಟು ಮಂದಿ ಹಂಗಾಮಿ ಕಾರ್ಮಿಕರು, ತಿಂಗಳುಗಟ್ಟಲೆ ಕೂಲಿ ಬಾಕಿ ಉಳಿದು ಮುಷ್ಕರ ಕೂತವರು. ಲಕ್ಷಾಂತರ ಎಕರೆಯ ಬೆಳೆ ನಿಂತಿರುವುದು ಇಂಥವರ ಹೆಗಲ ಮೇಲೆ. ಕಾಪಾಡುವವರ ಬಗ್ಗೆ ನಮ್ಮ ಅಸಡ್ಡೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಜಲಾಶಯದಿಂದ ವಿದ್ಯುತ್ ಬಂತು, ಮುನಿರಾಬಾದಿನಲ್ಲಿ ಪಂಪಾವನ ಉದ್ಯಾನ ಬಂತು, ಮೀನುಗಾರರಿಗೆ ಬದುಕು ಬಂತು. ಹೊಳೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ ಪಾತ್ರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಕುಡಿಯುವ ನೀರಿನ ಮಾತು ಬೇರೆಯೇ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯಂಥ ಊರುಗಳಿಗೆ ಈ ಜಲಾಶಯವೇ ಆಸರೆ. ಬೇಸಿಗೆಯಲ್ಲಿ ಬೆಳೆಗೆ ನೀರು ನಿಲ್ಲಿಸಿದ ಮೇಲೂ ಸಿಂಧನೂರಿನಂಥ ಊರುಗಳ ಕೆರೆ ತುಂಬಿಸಲೆಂದೇ ಕಾಲುವೆಗೆ ನೀರು ಬಿಡುತ್ತಾರೆ.

ಇನ್ನು ನಮ್ಮ ಕಡೆ. ಹನುಮಸಾಗರದ ಸುತ್ತಿನದು ಸಜ್ಜೆ, ಹೆಸರು, ಕಡಲೆ, ಬಿಳಿಜೋಳದ ನೆಲ. ಒಂದು ಕಡೆ ಮಸಾರಿ, ಇನ್ನೊಂದು ಕಡೆ ಎರೆ. ಮುಂಗಾರು ತಪ್ಪಿದರೆ ಹಿಂಗಾರು, ಅದೂ ತಪ್ಪಿದರೆ ಗುಳೆ. ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟ ಕುಟುಂಬಗಳು ಹಾಸಿಗೆ ಸುರುಳಿ, ಪಾತ್ರೆಯ ಗಂಟು ಹೊತ್ತು ಬಸ್ ನಿಲ್ದಾಣದಲ್ಲಿ ಕೂತಿರುವುದನ್ನು ಕಾಣದ ವರ್ಷವಿಲ್ಲ. ಹೊಲದ ಚಿಂತೆ ಒಂದಾದರೆ ಕೊಡದ ಚಿಂತೆ ಇನ್ನೊಂದು. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಷ್ಟಗಿ, ಯಲಬುರ್ಗಾದ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದುಗಟ್ಟಿದ್ದು, ನಡುವಯಸ್ಸಿಗೇ ಮೊಣಕಾಲು ಹಿಡಿದುಕೊಂಡದ್ದು ಇದೇ ನೀರು ಕುಡಿದು. ನೂರು ಟಿಎಂಸಿ ಸಿಹಿನೀರು ಜಿಲ್ಲೆಯ ತೆಂಕಣ ಅಂಚಿನಲ್ಲಿ ನಿಂತಿರುವಾಗ ಬಡಗಣ ಅಂಚಿನವರು ಇದನ್ನು ಕುಡಿಯಬೇಕಾಯಿತು ಎಂಬುದು ನನಗೆ ಇಂದಿಗೂ ನುಂಗಲಾಗದ ಸಂಗತಿ.

ನಮ್ಮ ಪಾಲಿಗೆ ಉತ್ತರದಿಂದ ಕೃಷ್ಣೆ ಬರಬೇಕಾಯಿತು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಕೃಷ್ಣಾ ನೀರೇ ಮೂಲ. ಬೇಸಾಯಕ್ಕೆ ಕೊಪ್ಪಳ ಏತ ನೀರಾವರಿ ಯೋಜನೆ, ಅದು ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದ ಭಾಗ. 2013ರ ಜನವರಿಯಲ್ಲಿ ಹೊಸಪೇಟೆಯಿಂದ ಕೂಡಲಸಂಗಮದವರೆಗೆ ಕಾಂಗ್ರೆಸ್ ನಡೆಸಿದ ಪಾದಯಾತ್ರೆಗೆ ಇದೇ ಬೇಡಿಕೆ ಆಧಾರ. ಚುನಾವಣೆಗಳು ಬಂದು ಹೋದವು, ಸರ್ಕಾರಗಳು ಬದಲಾದವು, ಹೊಲಕ್ಕೆ ನೀರು ಬರುವ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ಆದರೆ ನಮ್ಮ ಜನ ಕೈಕಟ್ಟಿ ಕೂತಿಲ್ಲ. ಹನಿ ನೀರಾವರಿಯಲ್ಲಿ ದಾಳಿಂಬೆ ಬೆಳೆದು ಕುಷ್ಟಗಿಗೆ ಹೆಸರು ತಂದರು. ಅಂಗಮಾರಿ ರೋಗ ತೋಟಗಳನ್ನು ಹಾಳುಮಾಡಿದಾಗ ತರಕಾರಿ ಬೀಜೋತ್ಪಾದನೆಯತ್ತ ಹೊರಳಿದರು. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳು ಹಿರೇಹಳ್ಳದ ಹೂಳು, ಜಾಲಿ ತೆಗೆಸಲು ತಾವೇ ಹಳ್ಳಕ್ಕಿಳಿದಾಗ ಜಿಲ್ಲೆಯ ಜನ ಅವರ ಹಿಂದೆ ನಡೆದರು. ಕುಷ್ಟಗಿ ಹತ್ತಿರದ ನಿಡಶೇಸಿ ಕೆರೆಯ ಹೂಳನ್ನು ಊರವರೇ ಕೂಡಿ ತೆಗೆದರು. ನೀರು ಕಾಯುವುದನ್ನು ನೀರಿಲ್ಲದ ಸೀಮೆಯೇ ಹೆಚ್ಚು ಚೆನ್ನಾಗಿ ಕಲಿತಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹೂಳಿನ ಮಾತು ದೊಡ್ಡ ಜಲಾಶಯಕ್ಕೂ ಸಲ್ಲುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗಿನ ಲೆಕ್ಕದಲ್ಲಿ ಹಿಡಿಯುವುದು 105.788 ಟಿಎಂಸಿ. ಮಲೆನಾಡಿನಿಂದ ಕೊಚ್ಚಿ ಬಂದ ಮಣ್ಣು ಇಪ್ಪತ್ತೇಳು ಟಿಎಂಸಿ ಜಾಗವನ್ನು ಆಕ್ರಮಿಸಿದೆ. ಅಷ್ಟು ಹೂಳನ್ನು ತೆಗೆದು ಸುರಿಯಲು ಜಾಗವೇ ಇಲ್ಲವೆಂದು ತಜ್ಞರು ಹೇಳುತ್ತ ಬಂದಿದ್ದಾರೆ. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಕನಕಗಿರಿ ತಾಲ್ಲೂಕಿನ ನವಲಿ ಹತ್ತಿರ ಸಮಾನಾಂತರ ಜಲಾಶಯದ ಪ್ರಸ್ತಾವವಿದೆ. ಮೂರು ರಾಜ್ಯ ಒಪ್ಪಬೇಕು, ಮತ್ತೆ ಊರು ಹೊಲ ಮುಳುಗಬೇಕು. ಮಾತುಕತೆ ನಡೆದೇ ಇದೆ.

2024ರ ಆಗಸ್ಟ್ 10ರ ರಾತ್ರಿಯನ್ನು ಈ ಸೀಮೆ ಮರೆಯಲಾರದು. ಜಲಾಶಯ ತುಂಬಿ ತುಳುಕುತ್ತಿತ್ತು. ಹಿಂದಿನ ವರ್ಷ ಬರದಲ್ಲಿ ಬೆಂದ ರೈತರು ನಾಟಿ ಮುಗಿಸಿ ಉಸಿರು ಬಿಟ್ಟಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ, ಅರುವತ್ತು ಅಡಿ ಅಗಲ ಇಪ್ಪತ್ತು ಅಡಿ ಎತ್ತರದ ಉಕ್ಕಿನ ಬಾಗಿಲು ಹೊಳೆಗೆ ಬಿದ್ದುಹೋಯಿತು. 33 ಗೇಟುಗಳಲ್ಲಿ ಒಂದು ಹೀಗೆ ಕಳಚಿ ಹೋದದ್ದು ಅಣೆಕಟ್ಟಿನ ಇತಿಹಾಸದಲ್ಲೇ ಮೊದಲು. ಕಟ್ಟಡದ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕಣ್ಣೆದುರೇ ಒಂದು ಬೆಳೆಯ ನೀರು ಹರಿದು ಹೋಗುತ್ತಿತ್ತು. ನೀರು ಅರ್ಧಕ್ಕಿಳಿಯುವವರೆಗೆ ಕಾಯಬೇಕೆಂಬ ಮಾತೂ ಬಂತು. ಆಗ ಮುಂದೆ ನಿಂತವರು ಗೇಟುಗಳ ಕೆಲಸದಲ್ಲಿ ಜೀವಮಾನ ಕಳೆದ ಹಿರಿಯ ತಜ್ಞ ಕನ್ನಯ್ಯ ನಾಯ್ಡು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ಪಟ್ಟಿಗಳನ್ನು ಇಳಿಸೋಣ ಎಂದರು.

ತೋರಣಗಲ್ಲು, ಹೊಸಪೇಟೆ ಸುತ್ತಿನ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಕೆಲಸ ನಡೆದು ಉಕ್ಕಿನ ಪಟ್ಟಿಗಳು ಸಿದ್ಧವಾದವು. ಒಂದೊಂದೂ ಅರುವತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರ. ಕ್ರೇನುಗಳಿಂದ ತೂಗುಬಿಟ್ಟ ಆ ಪಟ್ಟಿಯನ್ನು ಭೋರ್ಗರೆವ ನೀರಿನ ಮೇಲೆ, ಎರಡೂ ತುದಿ ಏಕಕಾಲಕ್ಕೆ ಕಂಬದ ತೋಡಿನಲ್ಲಿ ಕೂರುವಂತೆ ಇಳಿಸಬೇಕು. ಒಂದು ತುದಿ ಅರ್ಧ ಅಡಿ ಮುಂದಾದರೂ ಪಟ್ಟಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಕಾರ್ಮಿಕರು ಕೆಳಗಿನ ನೀರನ್ನು ಲೆಕ್ಕಿಸದೆ ಪಕ್ಕದಲ್ಲೇ ನಿಂತು ಸನ್ನೆ ಮಾಡುತ್ತಿದ್ದರು. ಆಗಸ್ಟ್ 16ರಂದು ಮೊದಲ ಪಟ್ಟಿ ಕೂತಿತು, ಅದರ ಬೆನ್ನಿಗೆ ಉಳಿದವು. ಎಪ್ಪತ್ತು ಟಿಎಂಸಿಗೂ ಮಿಕ್ಕಿ ನೀರು ಉಳಿಯಿತು. ಸೆಪ್ಟೆಂಬರಿನಲ್ಲಿ ಮಳೆ ಬಂದು ಜಲಾಶಯ ಮತ್ತೆ ತುಂಬಿತು, ಬೆಳೆ ಕೈಗೆ ಬಂತು. ಆ ಸಂತೋಷಕ್ಕೆ ಸಿಹಿ ಹಂಚಿದ್ದು ಸರಿಯೇ. ಆದರೆ ಅಂಥ ಉಕ್ಕಿನ ಬಾಗಿಲುಗಳ ಆಯುಷ್ಯ ನಲವತ್ತೈದು ವರ್ಷದಷ್ಟೆಂದು ತಜ್ಞರು ಹೇಳುವಾಗ ಎಪ್ಪತ್ತು ವರ್ಷ ಅವುಗಳ ಮೇಲೆಯೇ ಭಾರ ಹಾಕಿ ನಿಶ್ಚಿಂತೆಯಿಂದ ಇದ್ದದ್ದು ಸರಿಯಲ್ಲ. ಪ್ರತಿ ವರ್ಷ ನೀರು ಎಷ್ಟು, ಎಷ್ಟು ದಿನ, ಯಾರಿಗೆ ಎಂದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಕಾವೇರಿದ ಚರ್ಚೆ ನಡೆಯುತ್ತದೆ. ಸರಪಳಿ ಹೇಗಿದೆ ಎಂದು ಅದೇ ದನಿಯಲ್ಲಿ ಕೇಳಿದವರು ವಿರಳ.

ಕೊನೆಗೆ ಎಲ್ಲ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಸೀಮಿತಗೊಳಿಸಿದರು. ಗೇಟು ಕೂರಿಸಲು ನೀರು ಕೆಳಗಿಳಿಯಲೇಬೇಕಾದ್ದರಿಂದ ಎರಡನೇ ಬೆಳೆಗೆ ನೀರಿಲ್ಲ ಎಂದೂ ಆಯಿತು. ಎಡದಂಡೆಯ ರೈತರು ಬೀದಿಗಿಳಿದರು, ಪರಿಹಾರ ಕೇಳಿದರು, ಅದು ನ್ಯಾಯವೇ. ಪರಿಹಾರದ ಮಾತು ಬಂದಾಗ ಲೆಕ್ಕಕ್ಕೆ ಬಾರದವರು ಇನ್ನೊಂದಿಷ್ಟು ಮಂದಿ ಇದ್ದಾರೆ. ನಮ್ಮ ಒಣಸೀಮೆಯ ಹಳ್ಳಿಗಳಿಂದ ಗಂಗಾವತಿ, ಕಾರಟಗಿಯ ಗದ್ದೆಗಳಿಗೆ ನಾಟಿಗೆ, ಕಳೆಗೆ ಹೋಗುವ ಹೆಣ್ಣುಮಕ್ಕಳು ಅವರು. ತುಂಗಭದ್ರೆಯ ನೀರು ಅವರ ಹೊಲಕ್ಕೆ ಎಂದೂ ಬಂದಿಲ್ಲ, ಅದರ ಕೂಲಿಯಷ್ಟೇ ಅವರ ಮನೆಗೆ ಬರುತ್ತಿತ್ತು. ಗೇಟು ಬದಲಿಸುವ ಬೇಸಿಗೆಯಲ್ಲಿ ಅವರ ಪಾಲಿನ ಕೂಲಿಯೂ ನಿಂತಿತು. ನಷ್ಟದ ಪಟ್ಟಿ ಮಾಡುವ ಅಧಿಕಾರಿಗಳು ಪಹಣಿ ಇದ್ದವರನ್ನು ಮಾತ್ರ ಕೇಳಿದರೆ ಸಾಲದು, ಹನುಮಸಾಗರ ಹೋಬಳಿಗೂ ಬಂದು ಈ ಹೆಣ್ಣುಮಕ್ಕಳ ಹೆಸರನ್ನೂ ಬರೆದುಕೊಳ್ಳಬೇಕು.